ಮೂರು ಮೀನಿಗೆ ಒಂದೇ ಹೆಸರು: ಬಂಡೆ ಮೀನುಗಳ ಲೆಕ್ಕ ತಪ್ಪಿದ್ದು ಎಲ್ಲಿ?

ಪಾಂಡವಪುರದ ಹತ್ತಿರ ನನ್ನ ಅಜ್ಜಿಯ ಊರು. ಬೇಸಿಗೆಯಲ್ಲಿ ಕೆರೆ ನೀರು ಇಳಿದರೆ ನಾವು ಹುಡುಗರೆಲ್ಲ ಕೆಸರಿಗೆ ಇಳಿದು ಬರಿಗೈಯಲ್ಲಿ ಮೀನು ತಡಕುತ್ತಿದ್ದೆವು. ಅಜ್ಜಿ ಏರಿ ಮೇಲಿಂದ ಕೂಗುತ್ತಿದ್ದಳು: "ಚೇಳು ಮೀನು ಅವೆ, ನೋಡ್ಕಂಡು ಕೈ ಹಾಕ್ರೋ!" ಕಪ್ಪಗೆ, ಉದ್ದಕ್ಕೆ, ಬಾಯಿ ಸುತ್ತ ಮೀಸೆ ಇರುವ ಮೀನು ಅದು. ಒಂದು ಸಲ ಅದರ ರೆಕ್ಕೆಯ ಮುಳ್ಳು ನನ್ನ ಹೆಬ್ಬೆರಳಿಗೆ ಹೊಕ್ಕಿತು. ಮೊಣಕೈವರೆಗೂ ಉರಿ, ರಾತ್ರಿಯೆಲ್ಲ ನಿದ್ದೆ ಇಲ್ಲ. ಆವತ್ತಿನಿಂದ ಚೇಳು ಮೀನು ಅಂದರೆ ನನಗೆ ಅದೊಂದೇ.

ಆಮೇಲೆ ಮೈಸೂರಿಗೆ ಡಿಗ್ರಿ ಓದಲು ಬಂದೆ. ಪ್ರಾಣಿಶಾಸ್ತ್ರದ ಲ್ಯಾಬಿನ ಕಪಾಟಿನಲ್ಲಿ ಒಂದು ಗಾಜಿನ ಬಾಟಲಿ ಇತ್ತು. ಒಳಗೆ ಬಣ್ಣ ಮಾಸಿದ, ಗರಿ ಬಿಚ್ಚಿದಂತಹ ರೆಕ್ಕೆಗಳ ಒಂದು ಸಮುದ್ರದ ಮೀನು. ಚೀಟಿಯಲ್ಲಿ "ಚೇಳು ಮೀನು" ಅಂತ ಬರೆದಿತ್ತು. ಇದೆಂಥ ಚೇಳು ಮೀನು, ಮೀಸೆಯೇ ಇಲ್ಲವಲ್ಲ ಅಂದೆ. ಮೇಷ್ಟ್ರು ಹೇಳಿದರು, "ನಿಮ್ಮೂರಿನದು ಕೆರೆಯ ಮೀನು, ಮೀಸೆ ಮೀನುಗಳ ಗುಂಪು. ಇದು ಟೆರೋಯಿಸ್, ಸಿಂಹ ಮೀನು ಅಂತಾರಲ್ಲ ಅದು. ಎರಡೂ ಚುಚ್ಚುತ್ತವೆ, ಅಷ್ಟೇ. ನೆಂಟಸ್ತನ ಏನೂ ಇಲ್ಲ." ಚುಚ್ಚುವುದನ್ನು ನೋಡಿ ಜನ ಎರಡಕ್ಕೂ ಒಂದೇ ಹೆಸರು ಇಟ್ಟಿದ್ದಾರೆ. ತಪ್ಪೇನಲ್ಲ. ಕೈ ಹಾಕುವವನಿಗೆ ಬೇಕಾದ ಎಚ್ಚರಿಕೆ ಅಷ್ಟೇ ತಾನೇ.

ಹೋದ ವರ್ಷ ಇದೇ ಗೊಂದಲ ಮನೆ ಬಾಗಿಲಿಗೇ ಬಂತು. ಆನ್‌ಲೈನ್‌ನಲ್ಲಿ ತರಿಸಿದ ಮೀನಿನ ಪ್ಯಾಕೆಟ್ ಮೇಲೆ "ರಾಕ್ ಫಿಶ್" ಅಂತ ಇತ್ತು. ಒಳಗೆ ಚರ್ಮ ತೆಗೆದ, ತಲೆ ಇಲ್ಲದ ಬಿಳಿ ತುಂಡುಗಳು. ಯಾವ ಮೀನು, ಯಾವ ಸಮುದ್ರದ್ದು ಅಂತ ಒಂದು ಅಕ್ಷರವೂ ಇಲ್ಲ. ಮಾರನೇ ಭಾನುವಾರ ಮಂಡಿ ಮೊಹಲ್ಲಾ ಕಡೆ ಹೋದಾಗ ನಮ್ಮ ಮಾಮೂಲಿ ಮೀನಿನವರನ್ನು ಕೇಳಿದೆ. ಅವರು ಐಸ್ ಕೆದಕಿ ಒಂದು ಕಂದು ಚುಕ್ಕೆಯ ಮೀನು ಎತ್ತಿ ತೋರಿಸಿದರು. "ಇದೇ ಬಂಡೆ ಮೀನು ಸಾರ್. ಮಂಗಳೂರಿನವರು ಮುರು ಅಂತಾರೆ." ಮುರು ಅಂದರೆ ಬಂಡೆ ಸಂದಿಯಲ್ಲಿ ಇರುವ ಗ್ರೂಪರ್ ಮೀನು. ಒಳ್ಳೆಯ ಮೀನೇ. ಆದರೆ ಪ್ರಪಂಚದ ಮೀನು ವಿಜ್ಞಾನಿಗಳು ರಾಕ್ ಫಿಶ್ ಅಂತ ಕರೆದು, ಬಹಳ ವರ್ಷದಿಂದ ಜಗಳ ಆಡುತ್ತಿರುವ ಮೀನು ಇದಲ್ಲ.

ಆ ಜಗಳ ಯಾಕೆ ಮುಖ್ಯ, ಮೈಸೂರಿನಲ್ಲಿ ಕೂತ ನನಗೆ ಅದು ಯಾಕೆ ನಿದ್ದೆ ಕೆಡಿಸಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ನಿಜವಾದ ರಾಕ್ ಫಿಶ್‌ಗಳ ಕುಲದ ಹೆಸರು ಸೆಬಾಸ್ಟೀಸ್. ಫ್ರಾನ್ಸಿನ ಪ್ರಾಣಿವಿಜ್ಞಾನಿ ಕುವಿಯೆ 1829ರಲ್ಲಿ ಈ ಹೆಸರು ಬಳಕೆಗೆ ತಂದ. ಗ್ರೀಕ್ ಭಾಷೆಯಲ್ಲಿ ಇದರ ಮೂಲ ಪದಕ್ಕೆ ಪೂಜ್ಯ, ಗೌರವಾನ್ವಿತ ಅನ್ನುವ ಅರ್ಥ. ಈ ಕುಲದಲ್ಲಿ ಈಗ ಸುಮಾರು 110 ಪ್ರಭೇದಗಳಿವೆ. ಅದರಲ್ಲಿ 60ಕ್ಕಿಂತ ಜಾಸ್ತಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲೇ ಇವೆ. ಜಪಾನ್, ಕೊರಿಯಾ ಸುತ್ತ ಇನ್ನಷ್ಟು. ಉತ್ತರ ಅಟ್ಲಾಂಟಿಕ್‌ನಲ್ಲಿ ನಾಲ್ಕೇ ನಾಲ್ಕು. ನಮ್ಮ ಅರಬ್ಬೀ ಸಮುದ್ರದಲ್ಲಿ ಒಂದೂ ಇಲ್ಲ. ತಣ್ಣನೆ ನೀರಿನ ಮೀನುಗಳು ಇವು. ಕೆಲವು ಮೊಣಕೈ ಉದ್ದಕ್ಕಿಂತ ಜಾಸ್ತಿ ಬೆಳೆಯುತ್ತವೆ. ಕೆಲವು ತೀರಾ ಪುಟ್ಟವು. ಪ್ಯೂಜೆಟ್ ಸೌಂಡ್ ರಾಕ್ ಫಿಶ್, ಕುಬ್ಜ ಕೆಂಪು ರಾಕ್ ಫಿಶ್ ಇವೆಲ್ಲ 17-18 ಸೆಂಟಿಮೀಟರ್‌ಗೆ ನಿಂತುಬಿಡುತ್ತವೆ. ಒಂದು ಗೇಣೂ ತುಂಬಲ್ಲ. ನನಗೆ ಹೆಚ್ಚು ಆಸಕ್ತಿ ಇರುವುದು ಈ ಚಿಕ್ಕವುಗಳ ಮೇಲೆಯೇ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಇವುಗಳನ್ನು ಗುರುತಿಸುವ ಗುಟ್ಟು. ನಮ್ಮ ಮೇಷ್ಟ್ರು ಆ ಬಾಟಲಿಯ ಮೀನನ್ನು ಒಂದು ದಿನ ತಟ್ಟೆಗೆ ತೆಗೆದರು. ಕಣ್ಣಿನ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಹಿಂದಕ್ಕೆ ಸರಿಸು ಅಂದರು. ಕೆನ್ನೆಯ ಮೆತ್ತನೆ ಚರ್ಮದ ಕೆಳಗೆ ಒಂದು ಗಟ್ಟಿ ಏಣು ಸಿಕ್ಕಿತು. ಕಣ್ಣಿನ ಕೆಳಗಿಂದ ಹೊರಟು, ಕೆನ್ನೆ ದಾಟಿ, ಕಿವಿರಿನ ಮುಚ್ಚಳದ ಕಡೆಗೆ ಹೋಗುವ ಮೂಳೆಪಟ್ಟಿ. ಹಳೇ ಕಾಲದ ಸೈನಿಕರು ಯುದ್ಧದಲ್ಲಿ ಕೆನ್ನೆಗೆ ಕಟ್ಟುತ್ತಿದ್ದ ಕವಚ ಇದ್ದ ಹಾಗೆ. ಕಟ್ಲಾ, ರೋಹು, ಜಿಲೇಬಿ ಇವುಗಳ ಕೆನ್ನೆ ಮುಟ್ಟಿ ನೋಡಿ, ಈ ಪಟ್ಟಿ ಸಿಗಲ್ಲ. ಮುರು ಮೀನಿನಲ್ಲೂ ಇಲ್ಲ. ಸಮುದ್ರದ ಚೇಳು ಮೀನು, ಕಲ್ಲು ಮೀನು, ಸಿಂಹ ಮೀನು, ಸೆಬಾಸ್ಟೀಸ್ ಇವೆಲ್ಲವನ್ನೂ ಒಂದೇ ದೊಡ್ಡ ಗುಂಪಿಗೆ ಸೇರಿಸಿದ್ದು ಮುಖ್ಯವಾಗಿ ಈ ಕೆನ್ನೆ ಮೂಳೆ ನೋಡಿ.

ದೊಡ್ಡ ಗುಂಪು ಸರಿ. ಒಳಗಿನ ಮನೆಗಳು ಎಷ್ಟು? ಜಗಳ ಶುರುವಾಗುವುದೇ ಇಲ್ಲಿ. ಒಂದು ಪಕ್ಷದವರು ಸೆಬಾಸ್ಟೀಸ್‌ಗೆ ಮತ್ತು ಅದರ ಹತ್ತಿರದ ಕುಲಗಳಿಗೆ ಸೆಬಾಸ್ಟಿಡೆ ಅನ್ನುವ ಪ್ರತ್ಯೇಕ ಕುಟುಂಬ ಕೊಡುತ್ತಾರೆ. ಇನ್ನೊಂದು ಪಕ್ಷ ಬೇಡ ಅನ್ನುತ್ತದೆ. ಸ್ಕಾರ್ಪೀನಿಡೆ ಅನ್ನುವ ಚೇಳು ಮೀನಿನ ಕುಟುಂಬದಲ್ಲೇ ಇದೊಂದು ಉಪಕುಟುಂಬ ಆಗಿರಲಿ ಅಂತ ಅವರ ವಾದ. ಮೀನು ವಿಜ್ಞಾನದವರು ಕೈಗೆತ್ತಿಕೊಳ್ಳುವ ದೊಡ್ಡ ದೊಡ್ಡ ಆಕರಗಳೇ ಇಲ್ಲಿ ಒಮ್ಮತಕ್ಕೆ ಬಂದಿಲ್ಲ. ಒಂದೇ ಮೀನಿಗೆ ಒಂದು ಕಡೆ ಒಂದು ಕುಟುಂಬ, ಇನ್ನೊಂದು ಕಡೆ ಇನ್ನೊಂದು.

ಎರಡೂ ಕಡೆ ಒಳ್ಳೆಯ ಕಾರಣ ಇದೆ. ಬೇರೆ ಮನೆ ಬೇಕು ಅನ್ನುವವರು ಹೆರಿಗೆ ತೋರಿಸುತ್ತಾರೆ. ಸೆಬಾಸ್ಟೀಸ್ ಮೊಟ್ಟೆ ಇಡಲ್ಲ. ಗರ್ಭ ಒಳಗೇ ಕಟ್ಟಿ, ಜೀವಂತ ಮರಿಗಳನ್ನೇ ನೀರಿಗೆ ಬಿಡುತ್ತದೆ, ಒಂದೊಂದು ಸಲಕ್ಕೆ ಲಕ್ಷಗಟ್ಟಲೆ. ಚೇಳು ಮೀನುಗಳು ಹಾಗಲ್ಲ. ಅಂಟಂಟಾದ ಲೋಳೆಯಲ್ಲಿ ಮೊಟ್ಟೆ ಇಡುತ್ತವೆ. ಬೆನ್ನೆಲುಬಿನ ಮಣಿಗಳಲ್ಲೂ ವ್ಯತ್ಯಾಸ ಇದೆ. ಚೇಳು ಮೀನಿನಲ್ಲಿ ಸಾಮಾನ್ಯವಾಗಿ 24, ಸೆಬಾಸ್ಟೀಸ್‌ನಲ್ಲಿ 26 ಅಥವಾ ಜಾಸ್ತಿ. ಇಷ್ಟು ಕೇಳಿದರೆ ಸರಿ, ಬೇರೆ ಮನೆ ಮಾಡಿಕೊಡಿ ಅನ್ನಿಸುತ್ತದೆ ಅಲ್ವಾ? ಆದರೆ ನಡುವಿನವು ಬಂದು ತೊಡರು ಹಾಕುತ್ತವೆ. ಹೆಲಿಕೋಲಿನಸ್ ಅನ್ನುವ ಕುಲದಲ್ಲಿ ಗರ್ಭ ಒಳಗೇ ಕಟ್ಟುತ್ತದೆ, ಆದರೆ ಮರಿಯಾಗುವ ಮೊದಲೇ ಲೋಳೆಯ ಸಮೇತ ಹೊರಗೆ ಬರುತ್ತದೆ. ಸೆಬಾಸ್ಟೊಲೋಬಸ್ ಅಂತ ಇನ್ನೊಂದು ಕುಲವನ್ನು ಇದೇ ಬಳಗಕ್ಕೆ ಸೇರಿಸಿದ್ದಾರೆ. ಅದು ಪೂರ್ತಿ ಮೊಟ್ಟೆ ಇಡುವ ಮೀನು, ಅದರ ಮೊಟ್ಟೆ ಮುದ್ದೆ ನೀರಿನ ಮೇಲೆ ತೇಲುತ್ತದೆ. ಮೊಟ್ಟೆಯಿಂದ ಮರಿಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಬಂದ ದಾರಿ ಇಲ್ಲಿ ಕಾಣುತ್ತದೆ. ಮೆಟ್ಟಿಲ ಮಧ್ಯೆ ಗೋಡೆ ಎಲ್ಲಿ ಕಟ್ಟುವುದು?

ಡಿಎನ್‌ಎ ಬಂದ ಮೇಲೆ ಹಳೆಯ ಗೋಡೆಗಳು ಇನ್ನಷ್ಟು ಅಲುಗಾಡಿದವು. 2018ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಲಿಯೋ ಸ್ಮಿತ್ ಮತ್ತು ಸಂಗಡಿಗರು ಈ ಇಡೀ ಗುಂಪನ್ನು ಮತ್ತೆ ಜೋಡಿಸಿದರು. ಅವರ ಒಂದು ಪುರಾವೆ ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಕಲ್ಲು ಮೀನುಗಳ ಕೆನ್ನೆಯಲ್ಲಿ, ಕಣ್ಣಿನ ಕೆಳಗೆ, ಮಡಚುವ ಚಾಕುವಿನಂತಹ ಒಂದು ಮುಳ್ಳು ಇದೆ. ಬೇಕೆಂದಾಗ ಹೊರಗೆ ಚಾಚಿ ಸಿಕ್ಕಿಸಿ ನಿಲ್ಲಿಸಬಹುದು. ಅಷ್ಟು ವರ್ಷ ಜನ ಈ ಮೀನುಗಳನ್ನು ಕೊಯ್ದು ಅಭ್ಯಾಸ ಮಾಡಿದ್ದರೂ ಅದನ್ನು ಒಂದು ಗುಂಪಿನ ಗುರುತಾಗಿ ಯಾರೂ ಕಂಡಿರಲಿಲ್ಲ. ಸ್ಮಿತ್ ಅದನ್ನು ಮೊದಲು ಗಮನಿಸಿದ್ದು ತಾನು ಸಾಕಿದ್ದ ಮೀನೊಂದು ಸತ್ತ ಮೇಲೆ ಅದನ್ನು ಕೊಯ್ದು ನೋಡುವಾಗ. ಆ ಚಾಕು ಇರುವವೆಲ್ಲ ಒಂದು ಕುಟುಂಬ ಅಂತ ತೀರ್ಮಾನ ಆಯಿತು. ಮೇಲಿನ ಹಂತದಲ್ಲೂ ಇದೇ ಪಾಡು. ಡಿಎನ್‌ಎ ಆಧಾರದ ಇನ್ನೊಂದು ಪಟ್ಟಿ ಈ ಮೀನುಗಳನ್ನೂ ಮುರು ಮೀನನ್ನೂ ಒಂದೇ ಗಣದೊಳಗೆ ಇಟ್ಟಿದೆ. ಆ ಲೆಕ್ಕದಲ್ಲಿ ನಮ್ಮ ಮಂಡಿ ಮೊಹಲ್ಲಾದವರು ಪೂರ್ತಿ ತಪ್ಪಲ್ಲ, ದೂರದ ದಾಯಾದಿಯನ್ನು ತೋರಿಸಿದ್ದರು.

ನನ್ನ ಅಭಿಪ್ರಾಯ ಕೇಳಿದರೆ, ಕುಟುಂಬದ ಜಗಳ ಇನ್ನೂ 20 ವರ್ಷ ನಡೆದರೂ ಮೀನಿಗೆ ನಷ್ಟ ಇಲ್ಲ. ಅದು ಪುಸ್ತಕದೊಳಗಿನ ಮನೆ ಪಾಲು. ಗೋಡೆ ಎಲ್ಲಿ ಕಟ್ಟಿದರೂ ಒಳಗಿನ ಮೀನು ಅದೇ. ಮೀನಿನ ಜೀವಕ್ಕೆ ಬರುವುದು ಇನ್ನೂ ಕೆಳಗಿನ ಹಂತದಲ್ಲಿ, ಪ್ರಭೇದದಲ್ಲಿ. ಎರಡು ಮೀನನ್ನು ಒಂದು ಅಂತ ಎಣಿಸಿದರೆ ಒಂದು ಸದ್ದಿಲ್ಲದೆ ಹೋಗಿಬಿಡಬಹುದು.

ಜಪಾನಿನ ಉದಾಹರಣೆ ನೋಡಿ. ಅಲ್ಲಿ ಮೆಬಾರು ಅಂತ ಒಂದು ಚಿಕ್ಕ ರಾಕ್ ಫಿಶ್ ಇದೆ. ಮನೆಮನೆಯಲ್ಲೂ ಬೇಯಿಸಿ ತಿನ್ನುವ ಮೀನು, ನಮಗೆ ಬಂಗುಡೆ ಇದ್ದ ಹಾಗೆ. ಹೆಸರಿನ ಅರ್ಥ ಕಣ್ಣರಳಿಸಿದ ಮೀನು ಅಂತ. ದೊಡ್ಡ ದುಂಡು ಕಣ್ಣು. ಇದಕ್ಕೆ ಬಹುಕಾಲ ಒಂದೇ ವೈಜ್ಞಾನಿಕ ಹೆಸರಿತ್ತು, ಸೆಬಾಸ್ಟೀಸ್ ಇನರ್ಮಿಸ್. ಆದರೆ ಬಣ್ಣದಲ್ಲಿ ಮೂರು ಬಗೆ ಕಾಣುತ್ತಿತ್ತು. ಕೆಂಪು, ಕಪ್ಪು, ಬಿಳಿ. ನೀರು ಬದಲಾದರೆ ಬಣ್ಣ ಬದಲಾಗುತ್ತದೆ ಬಿಡಿ ಅನ್ನುವವರೂ ಇದ್ದರು. 2002ರಲ್ಲಿ ಜಪಾನಿನ ಮೀನು ವಿಜ್ಞಾನಿಗಳಾದ ಕಾಯ್, ನಕಾಬೊ ಮತ್ತು ಸಂಗಡಿಗರು ಡಿಎನ್‌ಎ ನೋಡಿದರು. ಮೂರೂ ಬೇರೆ ಬೇರೆ ಅಂತ ಕಂಡಿತು. 2008ರಲ್ಲಿ ಕಾಯ್ ಮತ್ತು ನಕಾಬೊ ಮೂರಕ್ಕೂ ಬೇರೆ ಹೆಸರು ಖಚಿತ ಮಾಡಿದರು. ಕೆಂಪು ಮೆಬಾರು ಇನರ್ಮಿಸ್ ಆಗಿಯೇ ಉಳಿಯಿತು. ಕಪ್ಪು ಮೆಬಾರು ವೆಂಟ್ರಿಕೋಸಸ್. ಬಿಳಿ ಮೆಬಾರು ಚೆನಿ.

ಸತ್ತ ಮೀನಿನ ಬಣ್ಣ ಬೇಗ ಮಾಸುತ್ತದೆ. ಹಾಗಾದರೆ ಗುರುತು ಹಿಡಿಯುವುದು ಹೇಗೆ? ಕಿವಿರಿನ ಪಕ್ಕದ ರೆಕ್ಕೆಯ ಕಡ್ಡಿ ಎಣಿಸಿ. ಸಾಮಾನ್ಯವಾಗಿ ಕೆಂಪಿಗೆ 15, ಕಪ್ಪಿಗೆ 16, ಬಿಳಿಗೆ 17.

ಇದನ್ನು ಓದಿದ ದಿನ ನನಗೆ ಸುಮ್ನೆ ಕೂರಲು ಆಗಲಿಲ್ಲ. ಮೆಬಾರು ಇಲ್ಲಿ ಎಲ್ಲಿ ಸಿಗಬೇಕು. ಮನೆಯಲ್ಲಿ ರಾಣಿ ಮೀನು ತಂದಿದ್ದೆ. ತೊಳೆಯುವ ಮೊದಲು ಒಂದನ್ನು ಸ್ಟೀಲ್ ತಟ್ಟೆಯಲ್ಲಿ ಇಟ್ಟು, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಪಕ್ಕದ ರೆಕ್ಕೆಯನ್ನು ಬೀಸಣಿಗೆ ಥರ ಬಿಡಿಸಿ ಕಿಟಕಿ ಬೆಳಕಿಗೆ ಹಿಡಿದೆ. ಅವಳು ಸೂಜಿ ತುದಿಯಲ್ಲಿ ಒಂದೊಂದೇ ಕಡ್ಡಿ ಮುಟ್ಟಿ ಎಣಿಸಿದಳು. 15. ನಾನು ಎಣಿಸಿದೆ, 16. ಮತ್ತೆ ಜಗಳ. ಟಾರ್ಚ್ ತಂದು ಕೆಳಗಿಂದ ಬೆಳಕು ಬಿಟ್ಟೆವು. ಮೇಲ್ತುದಿಯಲ್ಲಿ ದಪ್ಪ ಕಡ್ಡಿಗೆ ಅಂಟಿಕೊಂಡು ಒಂದು ಗಿಡ್ಡ ಕಡ್ಡಿ ಇತ್ತು. ಕೆಳತುದಿಯಲ್ಲಿ ಕೂದಲಿನಷ್ಟು ಸಣ್ಣದು ಇನ್ನೊಂದು, ಚರ್ಮದ ಮಡಿಕೆಯೊಳಗೆ. ಒಟ್ಟು 17. ಕೈಯೆಲ್ಲ ಲೋಳೆ, ಒಗ್ಗರಣೆ ತಡವಾಯಿತು. ಆದರೆ ವಿಷಯ ಮನಸ್ಸಿಗೆ ನಾಟಿತು. ನಾವು ಎಣಿಸುತ್ತಿದ್ದದ್ದು ಮೆಬಾರು ಆಗಿದ್ದರೆ, ಒಂದೇ ಮೀನು ಹತ್ತು ನಿಮಿಷದಲ್ಲಿ ಕೆಂಪು, ಕಪ್ಪು, ಬಿಳಿ ಮೂರೂ ಆಗಿಬಿಡುತ್ತಿತ್ತು. ಬಂದರಿನಲ್ಲಿ ರಾಶಿ ರಾಶಿ ಮೀನು ಇಳಿಯುವಾಗ ಯಾರು ಟಾರ್ಚ್ ಹಿಡಿದು ಕೂರುತ್ತಾರೆ?

ಅಮೆರಿಕದ ಕಡೆಯಲ್ಲಿ ಇಂತಹ ಒಡೆತಗಳು ಒಂದರ ಹಿಂದೆ ಒಂದು ಬಂದಿವೆ. ನೀಲಿ ರಾಕ್ ಫಿಶ್ ಅಂತ ಒಂದೇ ಇತ್ತು. ಗಾಳ ಹಾಕುವವರು ಮಾತ್ರ ಎರಡು ಬಗೆ ನೋಡುತ್ತಿದ್ದರು. ಮಚ್ಚೆ ಮಚ್ಚೆಯದು ಒಂದು, ಪಕ್ಕೆ ನೀಲಿಯದು ಒಂದು. 2015ರಲ್ಲಿ ಎರಡನೆಯದಕ್ಕೆ ಸೆಬಾಸ್ಟೀಸ್ ಡಯಾಕೋನಸ್ ಅಂತ ಹೊಸ ಹೆಸರು ಬಂತು. ಹಿಂದೆ ಕ್ಯಾಲಿಫೋರ್ನಿಯಾದ ಪೋರ್ಚುಗೀಸ್ ಮೀನುಗಾರರು ನೀಲಿ ರಾಕ್ ಫಿಶ್ ಅನ್ನು ಪಾದ್ರಿ ಮೀನು ಅಂತ ಕರೆಯುತ್ತಿದ್ದರಂತೆ. ಅದಕ್ಕೇ ಹೊಸದಕ್ಕೆ ಪಾದ್ರಿಯ ಸಹಾಯಕ ಅನ್ನುವ ಅರ್ಥದ ಹೆಸರು. ಕುಂಕುಮ ಬಣ್ಣದ ವರ್ಮಿಲಿಯನ್ ರಾಕ್ ಫಿಶ್ ಕೂಡ 2008ರಲ್ಲಿ ಎರಡಾಯಿತು. ಸುಮಾರು 100 ಮೀಟರ್ ಆಳಕ್ಕಿಂತ ಮೇಲೆ ಇರುವುದು ಒಂದು. ಅದಕ್ಕಿಂತ ಕೆಳಗೆ ಇರುವುದು ಸನ್‌ಸೆಟ್ ರಾಕ್ ಫಿಶ್. ಅದೇ ವರ್ಷ ರಫ್ ಐ ಅನ್ನುವ ಮೀನೂ ಒಡೆದು ಎರಡಾಯಿತು.

ಪುಸ್ತಕದಲ್ಲಿ ಒಡೆದವು. ಲೆಕ್ಕದಲ್ಲಿ? 2021ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯವರು ವರ್ಮಿಲಿಯನ್ ಎಷ್ಟು ಉಳಿದಿದೆ ಅಂತ ಅಂದಾಜು ಮಾಡುವಾಗ ಸನ್‌ಸೆಟ್ ಅನ್ನೂ ಅದರ ಜೊತೆಗೇ ಸೇರಿಸಿ ಎಣಿಸಿದರು. ಬೇರೆ ದಾರಿ ಇರಲಿಲ್ಲ. ಹಿಂದಿನ ವರ್ಷಗಳ ಹಿಡಿತದ ದಾಖಲೆಯಲ್ಲಿ ಎರಡಕ್ಕೂ ಒಂದೇ ಕಾಲಂ. ಹೋದ ಮೀನನ್ನು ವಾಪಸ್ ತಂದು ಡಿಎನ್‌ಎ ಮಾಡಿಸಲು ಆಗುತ್ತದೆಯೇ? ಹೆಸರು ತಡವಾಗಿ ಬಂದರೆ ಹಳೆಯ ಲೆಕ್ಕ ಶಾಶ್ವತವಾಗಿ ಕಲಸಿಹೋಗಿರುತ್ತದೆ. ಸುದ್ದಿಯಲ್ಲಿ "ಹೊಸ ಪ್ರಭೇದ ಪತ್ತೆ" ಅಂತ ಓದಿ ನಾವು ಖುಷಿ ಪಡುತ್ತೇವೆ. ಅದರ ಹಿಂದಿನ ಈ ನಷ್ಟವನ್ನು ಯಾರೂ ಬರೆಯುವುದಿಲ್ಲ.

ಬೇರೆ ಮೀನಾಗಿದ್ದರೆ ಇಷ್ಟು ಆತಂಕ ಇರುತ್ತಿರಲಿಲ್ಲವೇನೋ. ರಾಕ್ ಫಿಶ್‌ಗಳ ಆಯಸ್ಸು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಮೀನಿನ ಕಿವಿಯೊಳಗೆ ಒಂದು ಪುಟ್ಟ ಕಲ್ಲು ಇರುತ್ತದೆ. ಮರದ ಕಾಂಡದಂತೆ ಅದರಲ್ಲಿ ವರ್ಷಕ್ಕೊಂದು ಉಂಗುರ. ಅಲಾಸ್ಕಾ ಕಡೆಯ ಒಂದು ರಫ್ ಐ ಮೀನಿನ ಕಲ್ಲಿನಲ್ಲಿ 205 ಉಂಗುರ ಸಿಕ್ಕಿದವು. ಈ ಅಂಕಿ ಪ್ರಕಟವಾದದ್ದು 2001ರಲ್ಲಿ. ಅಂದರೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳುತ್ತಿದ್ದ ಕಾಲದಲ್ಲಿ ಹುಟ್ಟಿದ ಮೀನು ಅದು. ಅದೇ ಕುಲದ ಚಿಕ್ಕ ಕ್ಯಾಲಿಕೊ ರಾಕ್ ಫಿಶ್ ಬದುಕುವುದು ಹನ್ನೊಂದು ವರ್ಷದ ಆಸುಪಾಸು. 2021ರಲ್ಲಿ ವಿಜ್ಞಾನಿಗಳು 88 ಪ್ರಭೇದಗಳ ಜೀನೋಮ್ ಓದಿ, ಇಷ್ಟು ದೊಡ್ಡ ವ್ಯತ್ಯಾಸ ಯಾವ ಜೀನುಗಳಿಂದ ಅಂತ ಹುಡುಕಿದರು. ದೊಡ್ಡ ದೇಹ ಮತ್ತು ಆಳದ ನೀರು ಎರಡೂ ದೀರ್ಘಾಯಸ್ಸಿನ ಜೊತೆ ಬರುತ್ತವೆ. ಬಹಳ ವರ್ಷ ಬದುಕುವ ಮೀನು ಬಲಿಯುವುದೂ ನಿಧಾನ. ಕಪ್ಪು ರಾಕ್ ಫಿಶ್‌ನಲ್ಲಿ ಇನ್ನೊಂದು ವಿಷಯ ಕಂಡಿದೆ. ವಯಸ್ಸಾದ ತಾಯಿಯ ಮರಿಗಳು ಎಳೆ ತಾಯಿಯ ಮರಿಗಳಿಗಿಂತ ಬೇಗ ಬೆಳೆಯುತ್ತವೆ, ಹಸಿವು ಜಾಸ್ತಿ ತಡೆಯುತ್ತವೆ. ದೊಡ್ಡ ಮುದಿ ಮೀನನ್ನು ಹಿಡಿದರೆ ಹೋಗುವುದು ಒಂದು ಮೀನಲ್ಲ.

ಹಿಡಿದಿದ್ದೂ ಅವನ್ನೇ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಒಂದು ಡಜನ್ ಜಾತಿಯ ರಾಕ್ ಫಿಶ್‌ಗಳನ್ನು "ಪೆಸಿಫಿಕ್ ರೆಡ್ ಸ್ನ್ಯಾಪರ್" ಅನ್ನುವ ಒಂದೇ ಹೆಸರಿನಲ್ಲಿ ಮಾರಲು ಕಾನೂನೇ ಬಿಟ್ಟಿತ್ತು. ಅವು ಯಾವುವೂ ಸ್ನ್ಯಾಪರ್ ಅಲ್ಲ. ಹಲವು ಪ್ರಭೇದಗಳ ಹಿಡಿತ "ರಾಕ್ ಫಿಶ್" ಅನ್ನುವ ಒಂದೇ ಬುಟ್ಟಿಗೆ ಬೀಳುತ್ತಿತ್ತು. 2000ದ ಜನವರಿಯಲ್ಲಿ ಪಶ್ಚಿಮ ಕರಾವಳಿಯ ತಳಮೀನುಗಾರಿಕೆ ಕುಸಿದಿದೆ ಅಂತ ಅಮೆರಿಕ ಸರ್ಕಾರವೇ ಘೋಷಿಸಬೇಕಾಯಿತು. ಆಮೇಲೆ ಬಿಗಿ ನಿಯಮ ಬಂದವು, ದೊಡ್ಡ ದೊಡ್ಡ ಜಾಗ ಮುಚ್ಚಿದರು. ಬೊಕಾಚಿಯೊ, ಕ್ಯಾನರಿ, ಕೌಕಾಡ್ ಅನ್ನುವ ರಾಕ್ ಫಿಶ್‌ಗಳು ಒಂದೊಂದಾಗಿ ಚೇತರಿಸಿಕೊಂಡವು. "ಎಲ್ಲೋ ಐ", ಅಂದರೆ ಹಳದಿ ಕಣ್ಣಿನ ರಾಕ್ ಫಿಶ್, ಮಾತ್ರ ಎಷ್ಟೋ ವರ್ಷಗಳ ಕಾಲ ಚೇತರಿಕೆಯಲ್ಲಿ ಹಿಂದೆ ಉಳಿಯಿತು.

ಈಗ ಆ ಗೇಣುದ್ದದ ಮೀನುಗಳ ಕಥೆಗೆ ಬರುತ್ತೇನೆ. ಇಡೀ ವಿಷಯದಲ್ಲಿ ನನ್ನನ್ನು ತುಂಬಾ ತಟ್ಟಿದ್ದು ಇದು. ವಿಜ್ಞಾನಿಗಳು ಪುಟ್ಟ ಜಲಾಂತರ್ಗಾಮಿಯಲ್ಲಿ ಕೂತು ಕ್ಯಾಲಿಫೋರ್ನಿಯಾದ ಕಡಲ ತಳದ ಬಂಡೆಗಳ ಮೇಲೆ ಹೋಗಿ ನೋಡಿದರು. ಮೀನುಗಾರಿಕೆ ಕಡಿಮೆ ಇದ್ದ ಕಡೆ ದೊಡ್ಡ ಮೀನುಗಳು ಬಂಡೆ ಸಂದಿಯಲ್ಲಿ ಕೂತಿದ್ದವು. ಜೋರಾಗಿ ಹಿಡಿದ ಕಡೆ ದೊಡ್ಡವು ಅಪರೂಪ. ಅವುಗಳ ಬದಲು ಬಂಡೆ ತುಂಬ ಚಿಕ್ಕ ರಾಕ್ ಫಿಶ್‌ಗಳ ಮೋಡ. ಪಿಗ್ಮಿ, ಚೌಕ ಮಚ್ಚೆಯದು, ಅರ್ಧ ಪಟ್ಟೆಯದು, ಕತ್ತಿಮುಳ್ಳಿನದು. ತಿನ್ನುವ ದೊಡ್ಡಣ್ಣ ಹೋದ ಮೇಲೆ ಚಿಕ್ಕವರಿಗೆ ಹಬ್ಬ. ಇಲ್ಲಿ ಒಬ್ಬ ಅಧಿಕಾರಿ ಬಂದು "ರಾಕ್ ಫಿಶ್ ಎಷ್ಟಿವೆ?" ಅಂತ ತಲೆ ಎಣಿಸಿದರೆ ಏನು ಬರೆಯುತ್ತಾನೆ? ಬೇಕಾದಷ್ಟಿವೆ ಅಂತ ಬರೆಯುತ್ತಾನೆ. ಮನೆಯ ಹಿರಿಯರೆಲ್ಲ ಹೋಗಿದ್ದಾರೆ, ಲೆಕ್ಕದಲ್ಲಿ ಮಾತ್ರ ಮನೆ ತುಂಬಿದೆ.

ಈ ಚಿಕ್ಕವುಗಳನ್ನು ಒಂದರಿಂದ ಒಂದು ಬಿಡಿಸುವುದೂ ಸುಲಭ ಅಲ್ಲ. ಸೆಬಾಸ್ಟೋಮಸ್ ಅನ್ನುವ ಉಪಕುಲ ಇದೆ. ಬೆನ್ನಿನ ಮೇಲೆ ಮೂರರಿಂದ ಐದು ಬಿಳಿ ಬೊಟ್ಟು, ಸುತ್ತ ಗುಲಾಬಿ ಅಂಚು. ನೋಡಲು ಎಷ್ಟು ಚೆಂದ. ಆದರೆ ಗುಂಪಿನ ಹತ್ತು ಹನ್ನೆರಡು ಪ್ರಭೇದಗಳಿಗೂ ಅದೇ ಬೊಟ್ಟು. 1971ರಲ್ಲಿ ಲೋ ಚಾಯ್ ಚೆನ್ ಅನ್ನುವ ವಿಜ್ಞಾನಿ ಈ ಗುಂಪನ್ನೇ ಹಿಡಿದು ಕೂತರು. ತಲೆಯ ಮುಳ್ಳು, ಕಿವಿರಿನ ಕಡ್ಡಿ, ರೆಕ್ಕೆಯ ಉದ್ದ ಎಲ್ಲ ಅಳೆದು, ಅಲ್ಲಿಯವರೆಗೆ ಹೆಸರೇ ಇಲ್ಲದ ಪ್ರಭೇದಗಳನ್ನೂ ಬೇರ್ಪಡಿಸಿದರು. ಮೂಳೆ, ಮುಳ್ಳು ನೋಡಿ ಹಿಂದಿನವರು ಕಟ್ಟಿದ ಉಪಕುಲಗಳಲ್ಲಿ ಬಹಳಷ್ಟು 2007ರ ಡಿಎನ್‌ಎ ಪರೀಕ್ಷೆಯಲ್ಲಿ ಚದುರಿಹೋದವು. ಸೆಬಾಸ್ಟೋಮಸ್ ಮಾತ್ರ ಒಂದೇ ಕೊಂಬೆಯಾಗಿ ನಿಂತಿತು. ಅಳತೆಪಟ್ಟಿ ಹಿಡಿದು ತಾಳ್ಮೆಯಿಂದ ಮಾಡಿದ ಕೆಲಸ 36 ವರ್ಷದ ನಂತರವೂ ನಿಲ್ಲುತ್ತದೆ ಅನ್ನುವುದು ನನಗೆ ದೊಡ್ಡ ಸಮಾಧಾನ.

ಹೀಗೆಲ್ಲ ಒಡೆಯುತ್ತಾ ಹೋದರೆ ಕೊನೆ ಎಲ್ಲಿ, ಕಾನೂನಿನ ಲಾಭಕ್ಕೆ ಹೊಸ ಹೊಸ ಹೆಸರು ಹುಟ್ಟಿಸುತ್ತಾರೆ ಅನ್ನುವ ದೂರೂ ಇದೆ. ದೂರಿನಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಆದರೆ ಅಮೆರಿಕದ ವಾಯವ್ಯ ಕರಾವಳಿಯಲ್ಲಿ ನೆಲದೊಳಕ್ಕೆ ಚಾಚಿದ ಪ್ಯೂಜೆಟ್ ಸೌಂಡ್ ಅನ್ನುವ ಕಡಲಿನಲ್ಲಿ ನಡೆದದ್ದು ಕೇಳಿ. 2010ರಲ್ಲಿ ಅಲ್ಲಿನ ಎಲ್ಲೋ ಐ, ಕ್ಯಾನರಿ, ಬೊಕಾಚಿಯೊ ಮೂರನ್ನೂ ಹೊರಗಿನ ಕಡಲಿನವುಗಳಿಂದ ಬೇರೆ ಗುಂಪು ಅಂತ ಹಿಡಿದು, ಅಳಿವಿನಂಚಿನ ಜೀವಿಗಳನ್ನು ಕಾಯುವ ಕಾಯ್ದೆಯ ರಕ್ಷಣೆ ಕೊಟ್ಟರು. ಆಮೇಲೆ ಸ್ಥಳೀಯ ಗಾಳದವರ ಸಹಾಯದಿಂದಲೇ ಮೀನು ಹಿಡಿದು, ರೆಕ್ಕೆಯ ಚೂರು ತೆಗೆದು ಡಿಎನ್‌ಎ ನೋಡಿದರು. ಎಲ್ಲೋ ಐ ನಿಜಕ್ಕೂ ಬೇರೆ ಗುಂಪಾಗಿತ್ತು. ಕ್ಯಾನರಿ ಬೇರೆ ಆಗಿರಲಿಲ್ಲ. 2017ರಲ್ಲಿ ಕ್ಯಾನರಿಯನ್ನು ಪಟ್ಟಿಯಿಂದ ಕೈಬಿಟ್ಟರು. ವರ್ಗೀಕರಣ ಒಡೆಯುವುದಕ್ಕಷ್ಟೇ ಅಲ್ಲ, ಕೂಡಿಸುವುದಕ್ಕೂ ಇದೆ. ಪುರಾವೆ ಬಂದಾಗ ತಿದ್ದಿಕೊಂಡರಲ್ಲ, ಅದಕ್ಕೇ ನನಗೆ ಈ ಕೆಲಸದ ಮೇಲೆ ನಂಬಿಕೆ.

ದೂರದ ಕಡಲಿನ ಮಾತು ನಮಗ್ಯಾಕೆ ಅನ್ನಬೇಡಿ. ಇದೇ ತಪ್ಪು ನಮ್ಮ ಕಾವೇರಿಯಲ್ಲೂ ಆಗಿದೆ.

ಕಾವೇರಿಯ ಮಾಶೀರ್ ಗೊತ್ತಲ್ಲ, ನಮ್ಮವರು ಬಿಳಿಮೀನು ಅನ್ನುವುದು. ಬೆನ್ನು ಗೂನು, ರೆಕ್ಕೆ ಕಿತ್ತಳೆ ಬಣ್ಣದ ದೈತ್ಯ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಾಶೀರ್ 120 ಪೌಂಡ್ ತೂಗಿತು, ಸುಮಾರು 54 ಕಿಲೋ. ಗಾಳದ ಲೋಕದಲ್ಲಿ ಇವತ್ತಿಗೂ ಆ ದಾಖಲೆಯ ಮಾತು ಬರುತ್ತದೆ. ಇಷ್ಟು ಹೆಸರಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. 2007ರಲ್ಲಿ ಕೇರಳದಲ್ಲಿ, ಕಾವೇರಿಗೆ ಸೇರುವ ಪಂಬಾರ್ ಹೊಳೆಯಲ್ಲಿ ಸಿಕ್ಕ ಚಿಕ್ಕ ಮೀನುಗಳನ್ನು ನೋಡಿ ಟಾರ್ ರೆಮಾದೇವಿ ಅಂತ ಒಂದು ಪ್ರಭೇದ ಬರೆದಿಟ್ಟಿದ್ದರು. ನಮ್ಮ ಗೂನುಬೆನ್ನಿನ ದೈತ್ಯನೂ ಅದೇ ಅಂತ ತೋರಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು, ನೇರವಾಗಿ ತೀವ್ರ ಅಪಾಯದ ಕೊನೆಯ ಮೆಟ್ಟಿಲಿಗೇ. ಹೆಸರಿಲ್ಲದ ಮೀನನ್ನು ಯಾವ ಪಟ್ಟಿಗೆ ಸೇರಿಸುವುದು?

ಅಷ್ಟರೊಳಗೆ ಆಗಬಾರದ್ದು ಆಗಿತ್ತು. ಮಾಶೀರ್ ಉಳಿಸಬೇಕು ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿ ಹೊಳೆಗಳಿಗೆ ಬಿಟ್ಟರು. ಕಾವೇರಿಗೂ ಬಂದವು. ಆದರೆ ಅದು ಟಾರ್ ಕುದ್ರಿ, ನೀಲಿ ರೆಕ್ಕೆಯ ಮಾಶೀರ್. 1839ರಲ್ಲಿ ಪುಣೆ ಹತ್ತಿರದ ಮುಳಾ ಮುಠಾ ಹೊಳೆಯ ಮೀನು ನೋಡಿ ಸೈಕ್ಸ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಹೆಸರಿಟ್ಟ ಬೇರೆಯೇ ಮೀನು. ಎರಡಕ್ಕೂ ಜನ ಮಾಶೀರ್ ಅಂದರು, ಬಿಳಿಮೀನು ಅಂದರು. ಕಾವೇರಿ ದಂಡೆಯ ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಹಿಡಿತದ ಪುಸ್ತಕಗಳನ್ನು ಸಂಶೋಧಕರು ತಿರುವಿಹಾಕಿದರು. ಒಟ್ಟು ಮಾಶೀರ್ ಸಂಖ್ಯೆ ಏರುತ್ತಿತ್ತು. ಬಣ್ಣ ನೋಡಿ ಬೇರೆ ಮಾಡಿದಾಗ ಏರಿದ್ದೆಲ್ಲ ನೀಲಿ. ಕಿತ್ತಳೆ ಇಳಿಯುತ್ತಾ ಇಳಿಯುತ್ತಾ ಹೋಗಿತ್ತು. ಕ್ಯಾಲಿಫೋರ್ನಿಯಾದ ಬಂಡೆಯ ಮೇಲೆ ಕಂಡ ಚಿತ್ರವೇ ಅಲ್ವಾ ಇದು? ಅಲ್ಲಿನವರು ಹಿಡಿಯುತ್ತಾ ಕಳೆದುಕೊಂಡರು. ನಾವು ಹಿಡಿದದ್ದು ಸಾಲದೆ, ಉಳಿಸುತ್ತೇವೆ ಅಂತ ಹೊರಟು ಇನ್ನಷ್ಟು ಕಳೆದುಕೊಂಡೆವು.

ಈ ಲೇಖನ ಬರೆಯುವ ಮೊದಲು ಮಳವಳ್ಳಿ ದಾಟಿ ಮುತ್ತತ್ತಿಗೆ ಹೋಗಿದ್ದೆ. ಆಂಜನೇಯನಿಗೆ ಕೈ ಮುಗಿದು ಹೊಳೆ ದಂಡೆಗೆ ಇಳಿದೆ. ನೀರು ಕಡಿಮೆ ಇತ್ತು, ಬಂಡೆಗಳು ಬಿಸಿಯಾಗಿದ್ದವು. ಅಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರು ಕಲ್ಲಿನ ಮೇಲೆ ಕೂತಿದ್ದರು. ಬಿಳಿಮೀನು ಈಗಲೂ ಇವೆಯೇ ಅಂತ ಕೇಳಿದೆ.

"ಅವೆ ಸಾರ್, ಯಾಕಿಲ್ಲ. ಪುರಿ ಹಾಕುದ್ರೆ ಮೇಲುಕ್ ಬತ್ತವೆ."

"ರೆಕ್ಕೆ ಯಾವ ಬಣ್ಣ?"

ಅವರು ನೀರಿನ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಈಗ ಬರೋವು ನೀಲಿ ಕಣಾ. ಕೆಂಪು ರೆಕ್ಕೇದು ನಮ್ಮಪ್ಪನ ಕಾಲದಲ್ಲಿ ಇಷ್ಟುದ್ದ ಇರೋದು," ಅಂತ ಎರಡೂ ಕೈ ಅಗಲಿಸಿ ತೋರಿಸಿದರು.